ಮುಯ್ಯಾಳು ಬೇಡವೆಂದವನು

ಚಟ್ಟದ ಬಿದಿರಿಗೆ ಪುಟ್ಟಸಿದ್ದಮ್ಮ ಒಬ್ಬಳೇ ಹುರಿ ಬಿಗಿಯುತ್ತಿದ್ದಳು. ಹೆಂಗಸರ ಕೆಲಸವಲ್ಲ ಅದು. ಆದರೆ ಊರಿನ ಗಂಡಸರೆಲ್ಲ ಎದುರಿನ ಜಗಲಿಯಲ್ಲಿ ಬೀಡಿ ಸೇದುತ್ತಾ ತಮಾಷೆ ನೋಡುತ್ತಿದ್ದರು. ಒಳಗೆ ಅವಳ ಅಣ್ಣ ಮಂಟಯ್ಯ, ಹೆಂಡತಿ ಮಕ್ಕಳಿಲ್ಲದವನು, ಹೆಣವಾಗಿ ಮಲಗಿದ್ದ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು. ಹೊರುವುದಕ್ಕೆ ಇದ್ದವನು ಅವಳ ಮಗ ಮಾದೇವ ಒಬ್ಬನೇ.

ನಾಚಿಕೆ ಬಿಟ್ಟು, ಹೆಗಲು ಕೊಡಿ ಎಂದು ಕೇಳಿದಳು. ಊರಿನ ಯಜಮಾನ ದೊಡ್ಡಬೀರಯ್ಯ ಕೂತಲ್ಲಿಂದ ಏಳಲಿಲ್ಲ.

"ನಮ್ಮವ್ವ ಸತ್ತಾಗ ನಿಮ್ಮಣ್ಣ ಎಗಲು ಕೊಟ್ಟಿದ್ನಾ? ಈಗ್ಲೂ ಒಬ್ನೇ ಎದ್ದು ಓಗ್ಲಿ ಬುಡವ್ವ."

ಯಾರೋ ನಕ್ಕರು. ಪುಟ್ಟಸಿದ್ದಮ್ಮನಿಗೆ ಮೈಯೆಲ್ಲ ಉರಿಯಿತು. ಅವನು ಹೇಳಿದ್ದು ನಿಜವಾದ್ದರಿಂದ ಇನ್ನಷ್ಟು ಉರಿಯಿತು.

*

ಮೊದಲು ಮಂಟಯ್ಯನೂ ಎಲ್ಲರಂತೆಯೇ ಇದ್ದ. ಹನಗೋಡಿನ ಕಡೆ ಹೊಗೆಸೊಪ್ಪು ಮುರಿಯುವ ಕಾಲಕ್ಕೆ ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು, ಅದೇ ಮುಯ್ಯಾಳು. ಒಂದು ವರ್ಷ ಅವನು ಜ್ವರ ಹಿಡಿದು ಮಲಗಿದಾಗ ಊರೇ ಬಂದು ಅವನ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಸೊಪ್ಪು ಹದ ಮಾಡುವ ಬ್ಯಾರನ್ ಮನೆಗೆ ತುಂಬಿ ಬೇಯಿಸಿಕೊಟ್ಟಿತು. ಆಮೇಲೆ ಊರು ಆ ಉಪಕಾರವನ್ನು ಎತ್ತಿ ಆಡುವುದನ್ನು ನಿಲ್ಲಿಸಲೇ ಇಲ್ಲ. ಬದುವಿನ ಜಗಳಕ್ಕೆ ಅವನು ಬಾಯಿ ತೆರೆದರೂ ಅದೇ ಮಾತು, ನ್ಯಾಯಕ್ಕೆ ನಿಂತರೂ ಅದೇ ಮಾತು. ಮೊದಲೇ ಮೂಗಿನ ತುದಿಯಲ್ಲಿ ಕೋಪವಿದ್ದವನು.

"ಇನ್ಮೇಲೆ ಯಾರ ಮುಯ್ಯಾಳೂ ನಂಗ್ ಬ್ಯಾಡ. ನಾನೂ ಯಾರ್ ಮನೆಗೂ ಓಗಾಕಿಲ್ಲ ಕಣವ್ವ," ಎಂದು ತಂಗಿಗೆ ಹೇಳಿದ.

ಹೊಗೆಸೊಪ್ಪು ಬಿಟ್ಟು, ಒಬ್ಬನೇ ಕೊಯ್ಯಬಲ್ಲಷ್ಟು ರಾಗಿ ಬಿತ್ತಿದ. ಮದುವೆಗೂ ಹೋಗಲಿಲ್ಲ, ಸಾವಿಗೂ ಹೋಗಲಿಲ್ಲ. ಬಡವನಾದ. ನಿದ್ದೆ ಮಾತ್ರ ಚೆನ್ನಾಗಿ ಬರುತ್ತಿದೆ ಎನ್ನುತ್ತಿದ್ದ.

*

ಕೊನೆಗೆ ದೊಡ್ಡಬೀರಯ್ಯನೇ ದಾರಿ ತೋರಿಸಿದ. ಹೆಣದ ಮುಂದೆ ನಿಂತು ಅಣ್ಣನ ಪರವಾಗಿ ತಪ್ಪೊಪ್ಪಿಕೊಂಡರೆ ಹೊರುತ್ತಾರಂತೆ. ಮಾದೇವ ಹಲ್ಲು ಕಚ್ಚಿ, ಎತ್ತಿನ ಗಾಡಿ ಕಟ್ಟುತ್ತೇನೆ ಎಂದ.

"ಇದೇ ಊರಲ್ಲಿ ನೀನು ಬಾಳ್ಬೇಕಲ್ಲಾ," ಎಂದು ಅವನನ್ನು ತಡೆದು ಪುಟ್ಟಸಿದ್ದಮ್ಮ ಹೆಣವಿದ್ದ ಮನೆಯ ಬಾಗಿಲಲ್ಲಿ ನಿಂತು ಜಗಲಿಯವರಿಗೆ ಕೈಮುಗಿದಳು. "ತಪ್ಪಾಯ್ತು ಕಣ್ರಪ್ಪ. ನಮ್ಮಣ್ಣಂದೇ ತಪ್ಪು."

ಹೇಳಿದ ಗಳಿಗೆಯಲ್ಲೇ ತನ್ನ ಮೇಲೆ ಅವಳಿಗೆ ಹೇಸಿಗೆ ಹುಟ್ಟಿತು. ಗಂಡಸರು ಬೀಡಿ ಹೊಸಕಿ ಎದ್ದು ಬಂದರು. ಎಲ್ಲರ ಹೆಣವನ್ನು ಹೊರುವಂತೆಯೇ ಒಪ್ಪವಾಗಿ ಹೊತ್ತರು.

ಹೆಣ ತಿರುವು ದಾಟಿತು. ಮಂಟಯ್ಯ ಮಲಗಿದ್ದ ಜಾಗದಲ್ಲಿ ಹೆಂಗಸರು ದೀಪ ಹಚ್ಚಿಟ್ಟರು. ಮಣ್ಣಿಗೆ ಹೋದವರು ವಾಪಸು ಬಂದು ಆ ದೀಪ ನೋಡಿಕೊಂಡೇ ಮನೆ ಸೇರಬೇಕು. ಪಕ್ಕದ ಮನೆಯ ರಾಚಮ್ಮ ಬಾಗಿಲಾಚೆ ನಿಂತು ಸಮಾಧಾನ ಹೇಳಿದಳು.

"ನಾವಿಲ್ದಿದ್ರೆ ನಿಮ್ಮಣ್ಣನ್ನ ನಾಯಿ ಎಳೀತಿದ್ವು. ಮರೀಬ್ಯಾಡ ಕಣವ್ವ."

ಪುಟ್ಟಸಿದ್ದಮ್ಮ ಉಳಿದ ಹೆಂಗಸರನ್ನೂ ಹೊರಗೆ ಕಳಿಸಿದಳು. ಒಳಗೆ ದೀಪ ಉರಿಯುತ್ತಿದ್ದಂತೆಯೇ ಕದ ಮುಚ್ಚಿ ಅಗುಳಿ ಹಾಕಿಕೊಂಡಳು.