ಅಡುಗೆಮನೆಯ ಆವಾಜ

ನಾನು ಒಂದು ಅಗ್ಗದ ಸ್ಪೀಕರ್. ತಗಡಿನ ಶೆಡ್ಡಿನಲ್ಲಿ ಹುಟ್ಟಿದವನು; ಎದೆ ಕಾಗದದ್ದು. ನಡುಗುವುದೇ ಕಸುಬಾದ ಮೇಲೆ ನೆಮ್ಮದಿ ಎಲ್ಲಿಂದ ಬರಬೇಕು?

ಧಾರವಾಡದ ಅಂಗಡಿಗೆ ಇಂದುಮತಿಬಾಯಿ ತಮ್ಮ ಪ್ರಹ್ಲಾದನನ್ನು ಕರೆದುಕೊಂಡು ಬಂದರು. "ಆವಾಜ ಚಲೋ ಇರಬೇಕ್ರಿ," ಎಂದರು. ಅಂಗಡಿಯವನು ಗೋಡೆ ಅದುರುವಂತೆ ನನ್ನನ್ನು ಅರಚಿಸಿದ.

"ಗದ್ದಲ ಅಲ್ಲಪಾ! ನಮ್ಮನಿಯವರ ಆವಾಜ!"

ತೀರಿಕೊಂಡ ರಾಯರು ಹಾಡಿದ್ದ ಒಂದೇ ಒಂದು ದಾಸರ ಪದ ಪೆನ್‌ಡ್ರೈವಿನಲ್ಲಿತ್ತು. ಗಂಡನ ದನಿ ಮತ್ತೆ ಕೇಳಬೇಕು, ಅಷ್ಟೇ ಅವರ ಆಸೆ.

ಪ್ರಹ್ಲಾದನಿಗೆ ನಾನು ಲೆಕ್ಕಕ್ಕೇ ಇಲ್ಲ. "ಅಕ್ಕಾ, ಹೊಸದಾಗಿ ಕೇಳೋರು ಮೊದಲಿಗೇ ದೊಡ್ಡದು ತಗೋಬೇಕು. ಇದರಾಗ ಕಿವಿ ಕೆಡ್ತದ."

"ಈಸು ಕಲೀಲಿಕ್ಕೆ ಬಾವಿ ಸಾಕೋ, ಸಮುದ್ರ ಯಾಕ?" ಎಂದು ಬಾಯಿಯವರು ನನ್ನನ್ನೇ ಎತ್ತಿಕೊಂಡರು.

ಉಪ್ಪಿನ ಭರಣಿಯ ಪಕ್ಕ ನನಗೆ ಜಾಗ. ಜೋಳದ ಭಕ್ರಿ ಬಡಿಯುತ್ತ ದಿನಾ ರಾಯರನ್ನು ಕೇಳುತ್ತಿದ್ದರು. ಪದ ಮುಗಿದಾಗ ಅದೇ ರೆಕಾರ್ಡಿಂಗಿನಲ್ಲಿ ಬಾಯಿಯವರದೇ ಹಳೆಯ ದನಿ: "ಇನ್ನೊಮ್ಮೆ ಹಾಡ್ರಿ." ರಾಯರು ಮತ್ತೆ ಹಾಡುತ್ತಿದ್ದರು. ಆ ಎರಡನೆಯ ಸಲ ಏನೋ ಒಂದು ನನ್ನ ಬಾಯಿಗೆ ಸಿಗದೆ ಜಾರುತ್ತಿತ್ತು. ಏನೆಂದು ತಿಳಿಯದೆ ಚಡಪಡಿಸುತ್ತಿದ್ದೆ.

ಪ್ರಹ್ಲಾದ ಸುಮ್ಮನಿರುವ ಆಸಾಮಿಯಲ್ಲ. ಒಂದು ಸಂಜೆ ಎದೆಮಟ್ಟದ ಎರಡು ಸ್ಪೀಕರ್ ತಂದು ಪಡಸಾಲೆಯಲ್ಲಿ ನಿಲ್ಲಿಸಿ ಅದೇ ಪದ ಹಚ್ಚಿದ. ರಾಯರು ಎದ್ದು ಬಂದು ಕೂತಂತಾಯಿತು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಆದರೆ ಎರಡನೆಯ ಸಲ, ಪ್ರತಿ ಸಾಲಿನ ಕೊನೆಗೂ ಸುಂಯ್ ಸುಂಯ್ ಎಂಬ ಉಸಿರು. ನನ್ನ ಬಾಯಿಗೆ ಸಿಗದಿದ್ದದ್ದು ಅದೇ.

"ಬಂದ್ ಮಾಡೋ!" ಬಾಯಿಯವರು ಚೀರಿದರು. "ಅವರಿಗೆ ಆಗಲೇ ದಮ್ಮು ಹತ್ತಿತ್ತು. ನಾ ಇನ್ನೊಮ್ಮೆ ಹಾಡ್ರಿ ಅಂದೆನಲ್ಲೋ!"

ಮರುದಿನದಿಂದ ಮತ್ತೆ ನಾನೇ. ಒಮ್ಮೊಮ್ಮೆ ಮನಸ್ಸು ತಡೆಯದೆ ದೊಡ್ಡದನ್ನು ಹಚ್ಚುತ್ತಾರೆ. 'ಇನ್ನೊಮ್ಮೆ' ಬರುವ ಮೊದಲೇ ಆರಿಸಿ ನನ್ನ ಬಳಿಗೆ ಓಡಿಬರುತ್ತಾರೆ. ಮೊದಲು ಸಣ್ಣದೋ ದೊಡ್ಡದೋ ಎಂಬ ಜಗಳ ಪ್ರಹ್ಲಾದನಿಗಿರಲಿ, ನನ್ನ ಕಳವಳವೇ ಬೇರೆ. ಬಾಯಿಯವರು ನನ್ನನ್ನು ಮೆಚ್ಚಿದ್ದು ನಾನು ಹೇಳಿದ್ದಕ್ಕೋ, ಹೇಳಲಾರದ್ದಕ್ಕೋ?

ಈಗ ಮುಪ್ಪು. ಒಗ್ಗರಣೆಯ ಹೊಗೆ ಕುಡಿದು ಎದೆಯ ಕಾಗದ ಸೀಳಿದೆ. ಮೊನ್ನೆ ಎರಡನೆಯ ಸಲದ ಹಾಡಿನಲ್ಲಿ ನನಗೇ ಸುಂಯ್ ಎಂದು ದಮ್ಮು ಹತ್ತಿತು. ಇನ್ನು ಗುಜರಿಯೇ ಗತಿ ಎಂದು ಹೆದರಿದೆ. ಬಾಯಿಯವರು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು.

"ಸಾಕ್ರಿ," ಎಂದರು. "ಭಾಳ ದಣದೀರಿ. ಇನ್ನ ಆರಾಮ ಮಾಡ್ರಿ."