ಗಾಳಿ ಏರುವ ಹೊತ್ತು

“ಲೋ, ಹುರುಳಿ ತಿನ್ನೋ ಬಡ್ಡೀಮಗ್ನೆ, ಗೇಟ್ ತೆಗ್ಯೋದು ನಿನ್ ಕೆಲ್ಸ. ಕಾನೂನ್ ಹೇಳೋದಲ್ಲ.”

ಮ್ಯಾನೇಜರ್ ಟಾಲಿವರ್ ಜೀಪಿನಿಂದ ಇಳಿಯದೆಯೇ ಹೀಗಂದ. ನಾನು ಕೇಳಿದ್ದು ಇಷ್ಟೇ: ನಾಳೆಯಿಂದ ಸಾರ್ವಜನಿಕರ ಬೇಟೆ ಶುರು, ಇವತ್ತು ಎಲ್ಕ್ ಹಿಂಡನ್ನು, ಕಡವೆಯಂಥ ಆ ದೊಡ್ಡ ಜಿಂಕೆಗಳನ್ನು, ಗುಡ್ಡದಾಚೆ ದಾಟಿಸಿದರೆ ಸರ್ಕಾರದವರು ಸುಮ್ಮನಿರುತ್ತಾರಾ?

“ಸರ್ಕಾರ ಜನಾನ ಒಳೀಕ್ ಬಿಡು ಅಂದೈತೆ,” ಅಂದ ಟಾಲಿವರ್. “ಅವರ್ಗೆ ಎಲ್ಕ್‌ನೂ ತಂದ್ ಕಟ್ಟಾಕು ಅಂದಿಲ್ಲ. ಸಂಜೆ ಒಳಗೆ ಒಂದೂ ಈಚೆ ಇರ್ಬಾರ್ದು. ಇದ್ರೆ ನಿನ್ ಗಂಟು ಮೂಟೆ ರೋಡಲ್ಲಿ ಇರ್ತದೆ.”

ನಾನಿದ್ದದ್ದು ರ್‍ಯಾಂಚಿನವರು ಗೇಟಿನ ಪಕ್ಕದಲ್ಲೇ ಕೊಟ್ಟ ತಗಡಿನ ಮನೆಯಲ್ಲಿ. ಹೆಂಡತಿ ಎರ್ಲಿಂದಾ ಮತ್ತೆ ಬಸುರಿ. ಇದನ್ನು ಹೇಳಿ ನಾನೇನೂ ಸಾಚಾ ಆಗಲಾರೆ, ಆದರೂ ಹೇಳುತ್ತಿದ್ದೇನೆ.

ನ್ಯೂ ಮೆಕ್ಸಿಕೊದ ಉತ್ತರಕ್ಕಿರುವ ಈ ಗುಡ್ಡ ನಮ್ಮ ಅಜ್ಜಂದಿರ ಕಾಲಕ್ಕೆ ಊರೊಟ್ಟಿನ ಗೋಮಾಳ. ಕುರಿ ಮೇಯಿಸಲು, ಸೌದೆಗೆ, ಬೇಟೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆಮೇಲೆ ಕಾಗದ ಬಂತು, ವಕೀಲರು ಬಂದರು, ಕೊನೆಗೆ ತಂತಿ ಬೇಲಿ ಬಂತು. ಈಗ ನಿಯಮ ಹೀಗೆ: ಜಮೀನಿನವನು ಎಲ್ಕ್ ಬೇಟೆಯ ಪರವಾನಗಿಗಳನ್ನು ಸರ್ಕಾರದಿಂದ ಪಡೆದು ತನ್ನ ಅತಿಥಿಗಳಿಗೆ ಮಾರಿಕೊಳ್ಳಬಹುದು. ಅದಕ್ಕೆ ಬದಲಾಗಿ, ಚೀಟಿ ಎತ್ತಿದಾಗ ಹೆಸರು ಬಂದವರನ್ನು ಐದು ದಿನ ತನ್ನ ಜಮೀನಿಗೆ ಬಿಡಬೇಕು. ನಮ್ಮ ಧಣಿ ಗುಡ್ಡದ ಈಚೆ ಮಗ್ಗುಲನ್ನು ಮಾತ್ರ ಸಾರ್ವಜನಿಕರ ಬೇಟೆಯ ಪಟ್ಟಿಗೆ ಸೇರಿಸಿದ್ದ. ಆಚೆ ಮಗ್ಗುಲು ಅತಿಥಿಗಳಿಗೆ.

ಈ ವರ್ಷ ಚೀಟಿಯಲ್ಲಿ ಬೆಲಾರ್ಮಿನಾ ಅತ್ತೆಯ ಹೆಸರು ಬಂದಿತ್ತು. ಹನ್ನೊಂದು ವರ್ಷ ಅರ್ಜಿ ಹಾಕಿದ ಮೇಲೆ. ಅವಳ ಗಂಡ ದೆಲ್ಫಿನೊ ನನ್ನ ಸೋದರಮಾವ; ಸತ್ತು ಎರಡು ವರ್ಷ. ಒಂದು ಹೆಣ್ಣು ಎಲ್ಕ್ ಸಿಕ್ಕರೆ ಅವಳಿಗೂ ಮೊಮ್ಮಕ್ಕಳಿಗೂ ಚಳಿಗಾಲ ಕಳೆಯುತ್ತದೆ. ಸಿಗದಿದ್ದರೆ ಬರೀ ಹುರುಳಿ, ಮೆಣಸಿನಕಾಯಿ ಗೊಜ್ಜು.

ಎಲ್ಕ್ ಹಿಂಡನ್ನು ಗದರಿಸಿ ಓಡಿಸಬಾರದು. ಓಡಿದ ಹಿಂಡು ಎಂಟು ದಿಕ್ಕಿಗೆ ಚದುರಿ ಮತ್ತೆ ಅಲ್ಲಿಗೇ ಬರುತ್ತದೆ. ಬಿಸಿಲೇರಿ ಗಾಳಿ ಕಣಿವೆಯಿಂದ ಮೇಲಕ್ಕೆ ತಿರುಗುವ ಹೊತ್ತಿಗೆ, ಮೂರು ದಿನ ತೊಟ್ಟು ಒಗೆಯದ ಅಂಗಿಯನ್ನು ಕೆಳಗಿನ ಪೊದೆಗೆ ನೇತುಹಾಕಿ ಸುಮ್ಮನೆ ಕೂರಬೇಕು. ವಾಸನೆ ಮೇಲೇರುತ್ತದೆ. ಹಿಂಡಿನ ಮುಂದಾಳು ಮುದಿ ಹೆಣ್ಣು ಮೂಗೆತ್ತಿ, ಅವಸರವಿಲ್ಲದೆ ಗುಡ್ಡ ದಾಟುತ್ತಾಳೆ. ಹಿಂಡು ಅವಳ ಹಿಂದೆ ಸಾಲಾಗಿ ಹೋಗುತ್ತದೆ. ನನಗಿದನ್ನು ಕಲಿಸಿದವನು ದೆಲ್ಫಿನೊ ಮಾವ. ಆ ಭಾನುವಾರ ಅವನ ವಿದ್ಯೆಯನ್ನು ಅವನ ಹೆಂಡತಿಯ ಮೇಲೆಯೇ ಬಳಸಿದೆ.

ಸೋಮವಾರ ಬೆಳಿಗ್ಗೆ ಅತ್ತೆ ಹಳೇ ಟ್ರಕ್ಕಿನಲ್ಲಿ ಗೇಟಿಗೆ ಬಂದಳು. ಕಿಟಕಿಯಿಂದ ಬಟ್ಟೆ ಸುತ್ತಿದ ಬಿಸಿ ರೊಟ್ಟಿ ಚಾಚಿದಳು. “ತಗೋ ಮಗ, ತಣ್ಗಾಯ್ತದೆ. ನೀ ಗೇಟಲ್ಲಿದ್ದೀಯ ಅಂತ ನಂಗ್ ಧೈರ್ಯ.”

ರೊಟ್ಟಿ ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಅಂದರೆ ಸುಳ್ಳು, ಹಸಿವಾಗಿತ್ತು, ಇಳಿಯಿತು.

ಮೂರು ದಿನ ಅವಳು ಬರಿಗೈಯಲ್ಲಿ ಹಿಂತಿರುಗಿದಳು. ಬುಧವಾರ ಸಂಜೆ ಗೇಟಿನ ಹತ್ತಿರ ಟ್ರಕ್ಕು ನಿಲ್ಲಿಸಿದಳು.

“ಹೆಜ್ಜೆ ನೋಡ್ದೆ ಕಣ್ಲಾ. ಓಡಿಲ್ಲ, ನಡ್ಕೊಂಡ್ ಹೋಗವೆ. ಸಾಲಾಗಿ. ಹಂಗೆ ನಡ್ಸಕ್ಕೆ ಬರೋರು ಈ ಸೀಮೇಲಿ ಇದ್ದಿದ್ದು ಇಬ್ರೇ. ಒಬ್ಬುನ್ನ ನಾನೇ ಮಣ್ ಮಾಡ್ದೆ.”

ನಾನು ಗೇಟಿನ ಸರಪಳಿ ನೋಡುತ್ತಾ ನಿಂತೆ. ಅವಳು ಬೈದಿದ್ದರೆ ಚೆನ್ನಾಗಿತ್ತು.

ಹೆಜ್ಜೆ ನೋಡಿದ ದಿನವೇ ಅವಳು ದೂರು ಕೊಟ್ಟಿದ್ದಳಂತೆ. ಗುರುವಾರ ವನ್ಯಜೀವಿ ಇಲಾಖೆಯ ಅಧಿಕಾರಿ ಅತ್ತೆಯನ್ನೂ ಕರೆದುಕೊಂಡು ಗೇಟಿಗೆ ಬಂದ. ಬೇಟೆಯ ಪ್ರಾಣಿಯನ್ನು ಅಟ್ಟುವುದು ಅಪರಾಧ. ಟಾಲಿವರ್ ನನ್ನ ಭುಜದ ಮೇಲೆ ಕೈ ಹಾಕಿದ, ಐದು ವರ್ಷದಲ್ಲಿ ಮೊದಲ ಸಲ. “ನಮ್ ಹುಡ್ಗನ್ನೇ ಕೇಳಿ ಸಾರ್. ಹುಟ್ಟಿ ಬೆಳ್ದಿದ್ದೇ ಇಲ್ಲಿ.”

“ಹಿಂಡು ಅಟ್ಟಿದ್ರಾ?” ಅಧಿಕಾರಿ ಕೇಳಿದ.

“ಇಲ್ಲ ಸಾರ್.”

ಅಧಿಕಾರಿ ಅತ್ತೆಯ ಕಡೆ ತಿರುಗಿದ. ಅವಳು ನನ್ನನ್ನೇ ನೋಡಿದಳು, ನನ್ನ ಹಿಂದಿನ ತಗಡಿನ ಮನೆಯನ್ನು, ಬಾಗಿಲಲ್ಲಿ ಹೊಟ್ಟೆ ಹಿಡಿದು ನಿಂತ ಎರ್ಲಿಂದಾಳನ್ನು.

“ನನ್ ಕಣ್ಣು ಮಂಜು ಸಾರ್,” ಅಂದಳು. “ತೆಪ್ ತಿಳ್ಕಂಡೆ ಅನ್ಸತ್ತೆ.”

ಟಾಲಿವರ್ ನಕ್ಕ. “ಮುದ್ಕಿ, ಕಣ್ ಕಾಣ್ದೋಳ್ಗೆ ಕೋವಿ ಯಾಕೆ? ಮನೇಲ್ ಕೂತು ಜಪ ಮಾಡು.” ನಾನು ಅದನ್ನೂ ಕೇಳಿಸಿಕೊಂಡೆ.

ಶುಕ್ರವಾರ, ಕೊನೆಯ ದಿನ. ಗೇಟಿಗೆ ಬೀಗ ಹಾಕದೆ ಬಿಟ್ಟು ಗುಡ್ಡದಾಚೆ ಇಳಿದೆ. ಹಿಂಡಿಗಿಂತ ಕೆಳಗೆ ಕೂತು, ತೊಟ್ಟಿದ್ದ ಅಂಗಿ ಬಿಚ್ಚಿ ಪೊದೆಗೆ ಹಾಕಿದೆ. ಅಕ್ಟೋಬರ್ ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಹತ್ತು ಗಂಟೆಗೆ ಗಾಳಿ ತಿರುಗಿತು. ಮುದಿ ಹೆಣ್ಣು ಮೂಗೆತ್ತಿದಳು. ಅತಿಥಿಗಳು ಮಂಚಿಕೆಯ ಮೇಲೆ ಕಾಫಿ ಕುಡಿಯುತ್ತಿದ್ದರು. ಅವರು ಕೋವಿ ಎತ್ತಿಕೊಳ್ಳುವಷ್ಟರಲ್ಲಿ ನಲವತ್ತು ಎಲ್ಕ್‌ಗಳು ಗುಡ್ಡ ಹತ್ತಿ ಈಚೆಗೆ ಇಳಿದಿದ್ದವು. ಒಬ್ಬ ನನ್ನನ್ನು ಕಂಡು ಕೂಗಿದ. ಸ್ವಲ್ಪ ಹೊತ್ತಿಗೆ ಈಚೆ ಕಡೆಯಿಂದ ಒಂದೇ ಒಂದು ಗುಂಡಿನ ಸದ್ದು ಬಂತು.

ನಾನು ಹೋಗುವಷ್ಟರಲ್ಲಿ ಅತ್ತೆ ಎಲ್ಕಿನ ಹೊಟ್ಟೆ ಸೀಳಿದ್ದಳು. ಮೊಣಕೈವರೆಗೆ ರಕ್ತ. ನನ್ನ ಬೆನ್ನಿಗೇ ಟಾಲಿವರ್ ಜೀಪು ಬಂತು, ಪಕ್ಕದಲ್ಲಿ ಕೊನೆಯ ದಿನದ ತಪಾಸಣೆಗೆ ಬಂದಿದ್ದ ಅಧಿಕಾರಿ.

“ಅಟ್ಕೊಂಡ್ ಬಂದಿರೋ ಪ್ರಾಣಿ ಸಾರ್, ಮಾಂಸ ಜಪ್ತಿ ಮಾಡಿ,” ಅಂದ ಟಾಲಿವರ್. ಆಮೇಲೆ ನನ್ನ ಕಿವಿಯ ಹತ್ತಿರ ಬಂದ. “ಇವತ್ತು ಅಟ್ಟಿದ್ದು ನೀನೇ ಅಂತ ಒಪ್ಕೊಂಬುಡು. ಮನೆ ಉಳ್ಕತದೆ.”

ಅಧಿಕಾರಿ ಪುಸ್ತಕ ತೆರೆದ. “ಇವತ್ತು ಹಿಂಡು ಅಟ್ಟಿದ್ಯಾ?”

“ಇವತ್ತು ಅಟ್ಟಿಲ್ಲ,” ಅಂದೆ. ಬರಿಮೈಯಲ್ಲಿ ನಿಂತು. “ಭಾನ್ವಾರ ಅಟ್ಟಿದ್ದೆ. ಈ ಸೂಳೆಮಗ ಹೇಳ್ದ, ನಾನ್ ಮಾಡ್ದೆ. ಬರ್ಕಳಿ.”

“ನಿನ್ನೆ ಇಲ್ಲ ಅಂದ್ಯಲ್ಲ?”

“ನಿನ್ನೆ ಹೇಳಿದ್ದು ಸುಳ್ಳು.”

“ಹಂಗಾರೆ ಇವತ್ತಿಂದು ನಿಜ ಅಂತ ನಾನ್ ಹೆಂಗ್ ನಂಬ್ಲಿ?”

ಅಧಿಕಾರಿ ಬರೆಯಲಿಲ್ಲ, ಪುಸ್ತಕ ಮುಚ್ಚಲೂ ಇಲ್ಲ. ಟಾಲಿವರ್ ಫೋನು ತೆಗೆದು ನನ್ನ ಮನೆ ಖಾಲಿ ಮಾಡಿಸಲು ಯಾರಿಗೋ ಹೇಳತೊಡಗಿದ.

ಅತ್ತೆ ತಲೆ ಎತ್ತಲಿಲ್ಲ. ಚಾಕು ನಿಲ್ಲಿಸಲಿಲ್ಲ.

“ಬೆತ್ಲೆ ನಿಂತ್ಕಂಡು ಏನ್ಲಾ ನೋಡ್ತಿದ್ದೀಯ,” ಅಂದಳು. “ಕಾಲ್ ಹಿಡಿ.”

ನಾನು ಮಂಡಿಯೂರಿ ಎಲ್ಕಿನ ಹಿಂಗಾಲು ಹಿಡಿದೆ. ಅದು ಇನ್ನೂ ಬಿಸಿಯಾಗಿತ್ತು. ಅಧಿಕಾರಿ ಪೆನ್ನು ಹಿಡಿದು ನಿಂತೇ ಇದ್ದ.