ಕೆಂಪಂಚಿನ ಪಾತ್ರೆ

ಇರ್ಮಾ ನನ್ನನ್ನು ತೊಳೆದಳು, ಒರೆಸಿದಳು, ಉಣ್ಣೆಯ ಲಂಗದಲ್ಲಿ ಸುತ್ತಿದಳು. ಪೆಟ್ಟಿಗೆಯಲ್ಲಿ ಜಾಗವಿದ್ದದ್ದು ಒಂದೇ ಪಾತ್ರೆಗೆ, ಅಲ್ಲಿ ಆಗಲೇ ನನ್ನ ಜೊತೆಯವಳಿದ್ದಳು. ಅವಳ ತಾಯಿ ರೆಗೀನಾ ಮಗಳ ಚಳಿಗಾಲದ ಬೂಟನ್ನು ಹೊರಗೆ ತೆಗೆದಿಟ್ಟು, ಆ ಜಾಗದಲ್ಲಿ ನನ್ನನ್ನೂ ತುರುಕಿದಳು.

ನಾನು ಒಂದು ಎನಾಮಲ್ ಪಾತ್ರೆ. ವಿಯೆನ್ನಾದ ಹತ್ತಿರ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ನನ್ನ ಅಂಚು ಕೆಂಪು, ಜೊತೆಯವಳದು ನೀಲಿ. ಯೆಹೂದಿಗಳ ಮನೆಯಲ್ಲಿ ಮಾಂಸಕ್ಕೂ ಹಾಲಿಗೂ ಒಂದೇ ಪಾತ್ರೆ ಸಲ್ಲದು. ನಾನು ಮಾಂಸದವಳು, ಅವಳು ಹಾಲಿನವಳು. ನಾಜಿಗಳು ಬಂದ ಮೇಲೆ ನಮ್ಮವರಿಗೆ ಅಲ್ಲಿ ಉಳಿಗಾಲವಿರಲಿಲ್ಲ.

ಹಡಗಿಳಿದು, ರೈಲು ಹತ್ತಿ ಬೆಂಗಳೂರಿಗೆ ಬಂದೆವು. ಅಷ್ಟರಲ್ಲಿ ಯುದ್ಧ ಶುರುವಾಗಿತ್ತು. ಇವರ ಮಾತು ಜರ್ಮನ್ ಎಂದು ತಿಳಿದೊಡನೆ ಬಾಡಿಗೆ ಕೇಳಿದ ಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೊನೆಗೆ ಮಲ್ಲೇಶ್ವರದ ಶೇಷಮ್ಮನವರು ಹಿತ್ತಲಿನ ಕೋಣೆ ಬಾಡಿಗೆಗೆ ಕೊಟ್ಟರು.

"ಮಾಂಸ ಮಾತ್ರ ಕೂಡದಮ್ಮ. ಅದರ ವಾಸನೆ ಬಂದ ದಿನ ಗಂಟುಮೂಟೆ ಕಟ್ಟಬೇಕು."

ಇರ್ಮಾ ಒಪ್ಪಿದಳು. ನನ್ನನ್ನು ಗೂಡಿನಲ್ಲಿ ಬೋರಲು ಹಾಕಿದಳು. ಬಿಳಿಯರಿದ್ದ ದಂಡು ಪ್ರದೇಶದ ಅಂಗಡಿಗೆ ಹೆಂಗಸರ ಟೋಪಿ ಹೊಲಿದುಕೊಟ್ಟು ತಾಯಿಯನ್ನು ಸಾಕಿದಳು.

ಒಮ್ಮೆ ರೆಗೀನಾ ಜ್ವರದಿಂದ ಮಲಗಿದಳು. ಇರ್ಮಾ ದಂಡಿಗೆ ಹೋಗಿದ್ದಳು. ಶೇಷಮ್ಮ ಹಾಲು ತಂದರು. ನೀಲಿಯವಳು ತೊಳೆಯದೆ ಬಿದ್ದಿದ್ದಳು, ಗೂಡಿನಲ್ಲಿದ್ದ ನಾನು ಅವರ ಕಣ್ಣಿಗೆ ಬಿದ್ದೆ. ನನ್ನಲ್ಲೇ ಹಾಲು ಕಾಯಿಸಿದರು. ರೆಗೀನಾ ನನ್ನ ಅಂಚು ನೋಡಿ ಮುಖ ತಿರುಗಿಸಿದಳು.

ಇರ್ಮಾ ಬಂದಾಗ ಶೇಷಮ್ಮ ಕೆಂಡವಾಗಿದ್ದರು. "ನೋಡೇ ಇರ್ಮಮ್ಮ, ನಾನು ಕಾಯಿಸಿದ ಹಾಲು ನಿಮ್ಮಮ್ಮನಿಗೆ ಮೈಲಿಗೆಯಂತೆ! ಈ ಶೇಷಮ್ಮನ ಕೈ ಹಾಲು! ಇಂಥ ಕಾಲವೂ ಬಂತಲ್ಲ!"

ಒಂದು ಸುಳ್ಳು ಹೇಳಿದ್ದರೆ ಕೋಣೆ ಉಳಿಯುತ್ತಿತ್ತು.

"ತಪ್ಪು ನಿಮ್ಮದಲ್ಲ ಅಮ್ಮ," ಎಂದಳು ಇರ್ಮಾ ತನ್ನ ಮುರುಕು ಕನ್ನಡದಲ್ಲಿ. "ಈ ಪಾತ್ರೆ ನಮ್ಮ ಊರಲ್ಲಿ ಮಾಂಸದ್ದು. ಇಲ್ಲಿ ಇಲ್ಲ, ಒಂದು ದಿನವೂ ಇಲ್ಲ. ಆದರೆ ಇದರಲ್ಲಿ ಹಾಲು... ನಮಗೆ ಆಗೋದಿಲ್ಲ."

ಶೇಷಮ್ಮ ತಮ್ಮ ಕೈ ನೋಡಿಕೊಂಡರು. ಬಾವಿಯ ಕಡೆ ಹೋದರು. ತಲೆಯ ಮೇಲೆ ಕೊಡಗಟ್ಟಲೆ ನೀರು ಸುರಿದುಕೊಳ್ಳುವ ಸದ್ದು ಕೇಳಿತು. ಇರ್ಮಾ ಪೆಟ್ಟಿಗೆ ಎಳೆದು ಬಟ್ಟೆ ತುಂಬತೊಡಗಿದಳು.

ಶೇಷಮ್ಮ ಒದ್ದೆ ಸೀರೆಯಲ್ಲೇ ಬಂದರು. ಕೈಯಲ್ಲಿ ತಮ್ಮ ಮನೆಯ ಬೆಳ್ಳಿ ಲೋಟ, ಅದರಲ್ಲಿ ಬಿಸಿ ಹಾಲು. "ನಿಮ್ಮಲ್ಲೂ ಮಡಿ ಮುಸುರೆ ಇದೆ ಅಂತ ಮೊದಲೇ ಹೇಳಬಾರದಿತ್ತೇನೇ? ನನಗೆ ತಿಳಿಯದ್ದೇ ಅದು! ಆ ಬಟ್ಟೆ ಬಿಡು, ಅಮ್ಮನ್ನ ಎಬ್ಬಿಸು. ಆ ಪಾತ್ರೆ ಮಾತ್ರ ಹೊರಗಿಡು."

ಮಾಂಸವನ್ನೇ ಕಾಣದ ಲೋಟ. ರೆಗೀನಾ ಒಂದು ಹನಿ ಬಿಡದೆ ಕುಡಿದಳು.

ನನ್ನ ತಳಕ್ಕೆ ಮೊಳೆಯಿಂದ ತೂತು ಹೊಡೆದು ಮಣ್ಣು ತುಂಬಿದರು. ಈಗ ನನ್ನಲ್ಲಿ ಕನಕಾಂಬರ ಬೆಳೆಯುತ್ತದೆ. ಎನಾಮಲ್ ಚಕ್ಕೆ ಎದ್ದಿದೆ, ಅಂಚಿಗೆ ತುಕ್ಕು ಹಿಡಿದಿದೆ. ಒಲೆಯ ಮೇಲೆ ಏರದಿದ್ದರೂ ಪಾತ್ರೆಗೆ ಬದುಕಿದೆ ಎಂದು ಈ ಹಿತ್ತಲಿನಲ್ಲಿ ತಿಳಿದುಕೊಂಡೆ.

ಯುದ್ಧ ಮುಗಿಯಿತು. ದೂರ ದೇಶದಲ್ಲಿರುವ ಇರ್ಮಾಳ ಅಣ್ಣ ಇಬ್ಬರನ್ನೂ ಕರೆಸಿಕೊಂಡ. ಇವತ್ತು ಬಾಗಿಲಲ್ಲಿ ಜಟಕಾ ನಿಂತಿದೆ. ಇರ್ಮಾ ತಾಯಿಯ ಕೈ ಹಿಡಿದು ಮೆಟ್ಟಿಲಿಳಿದಳು. ಶೇಷಮ್ಮ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಹೂ ಬಿಡಿಸುತ್ತಿದ್ದರು. ಹೂ ಮುಗಿದ ಮೇಲೆ ಮೊಗ್ಗನ್ನೂ ಬಿಡಿಸಿದರು. ಇರ್ಮಾ ಹತ್ತಿರ ಬಂದು ನಿಂತಳು.

ಶೇಷಮ್ಮ ತಲೆಯೆತ್ತದೆ ಹೇಳಿದರು: "ಇಲ್ಲೇ ಇದ್ದುಬಿಡೇ, ಇರ್ಮಮ್ಮ."